ರೈಟಣ್ಣನ ಒಂಟಿಕಾಲು

ಬಸ್ಸು ಹೊರಡಿಸೋಕೆ "ರೈಟ್ ರೈಟ್" ಅಂತ ಕೂಗಿ ಕೂಗಿ ಆ ಕಂಡಕ್ಟರಿಗೆ ರೈಟಣ್ಣ ಅಂತಲೇ ಹೆಸರು ಬಿದ್ದಿತ್ತು. ಓಡೋ ಬಸ್ಸಲ್ಲಿ ಏನೂ ಹಿಡ್ಕೊಳ್ದೆ ಆಯಸ್ಸೆಲ್ಲಾ ನಿಂತವನು, ರಿಟೈರಾದ ಮೇಲೆ ಮನೆಯಲ್ಲಿ ಬೀಳೋಕೆ ಶುರುಮಾಡಿದ. ನೆಲ ಅಲ್ಲಾಡದೇ ಇದ್ರೆ ಅವನ ಕಾಲಿಗೆ ಏನೋ ಅನುಮಾನ.

ಮೊನ್ನೆ ಬಚ್ಚಲಲ್ಲಿ ಬಕೆಟ್ ಅಪ್ಪಿಕೊಂಡು ಬಿದ್ದದ್ದೇ ತಡ, ಮಗಳು ತೀರ್ಪು ಕೊಟ್ಟಳು.

"ಇವತ್ತು ಸಂಜೆ ವ್ಯಾಯಾಮದ ಟೀಚರ್ ಬರ್ತಾರೆ ಅಪ್ಪಾ. ಒಂಟಿಕಾಲಲ್ಲಿ ನಿಂತು ತೋರಿಸಿದ್ರೆ ಮಹಡಿ ರೂಮು ನಿಂದೇ. ಇಲ್ಲಾಂದ್ರೆ ಕೆಳಗೆ, ಮಾವನ ಜೊತೆ ಮಲಗು."

ಮಾವ ಅಂದ್ರೆ ರೈಟಣ್ಣನ ಭಾಮೈದ. ಅವನ ಗೊರಕೆ, ಹಳೇ ಬಸ್ಸು ಫಸ್ಟ್ ಗೇರಲ್ಲಿ ಏರು ಹತ್ತಿದ ಹಾಗೆ.

ತಕ್ಷಣ ಅಂಗಳದಲ್ಲಿ ಅಭ್ಯಾಸ ಶುರು. ಎದುರುಮನೆ ಮೇಷ್ಟ್ರು ಗೇಟಲ್ಲೇ ನಿಂತು ಪಾಠ ಮಾಡಿದ್ರು. "ಒಂದು ಕಡೆ ದೃಷ್ಟಿ ನೆಡಬೇಕು ಕಣಯ್ಯಾ."

ರೈಟಣ್ಣ ಮೇಷ್ಟ್ರ ಅಡುಗೆಮನೆ ಕಿಟಕಿಗೇ ನೆಟ್ಟ. ಒಳಗಿಂದ ಮೇಷ್ಟ್ರ ಹೆಂಡತಿ ಕಿಟಕಿ ಮುಚ್ಚಿದ್ರು.

"ಅಲ್ಲಲ್ಲ ಮಾರಾಯ."

ದೃಷ್ಟಿ ಕಿತ್ತು ಬೇರೆ ಕಡೆ ನೆಡೋದರೊಳಗೆ ಕಾಲು ತಪ್ಪಿ, ಒಣಹಾಕಿದ್ದ ಮಗಳ ಸೀರೆ ಹಿಡಿದ. ಹಗ್ಗ ಹರೀತು. ಸೀರೆ ಸುತ್ತಿಕೊಂಡು ಹೂಕುಂಡದ ಮೇಲೆ ಕೂತ.

"ಒಪ್ಪುತ್ತೆ," ಅಂದ ಭಾಮೈದ ಜಗಲಿಯಿಂದ. "ಹಾಸಿಗೆ ಹಾಸಿಡ್ಲಾ ಭಾವ? ಗೋಡೆ ಕಡೆ ನಿಮಗೇ."

ಸಂಜೆ ಟೀಚರಮ್ಮ ಬಂದ್ರು. "ಎಲ್ಲಿ, ರೈಟ್ ಎತ್ತಿ," ಅಂದ್ರು.

ರೈಟ್ ಅಂದ್ರೆ ಬಸ್ಸು ಹೊರಟಿತು ಅಂತಲೇ ಲೆಕ್ಕ. ರೈಟಣ್ಣನ ಮೈ ತಾನಾಗೇ ಮುಂದಕ್ಕೆ ವಾಲ್ತು. ಬಸ್ಸು ಮಾತ್ರ ಇರಲಿಲ್ಲ. ಟೀಚರಮ್ಮನೇ ಹಿಡ್ಕೊಂಡ್ರು.

"ಇನ್ನೊಂದೇ ಸಲ," ಅಂದಳು ಮಗಳು.

ಅಷ್ಟರಲ್ಲಿ ಪಕ್ಕದ ರೂಮಲ್ಲಿ ಭಾಮೈದನಿಗೆ ಜೊಂಪು ಹತ್ತಿತು. ಘುರ್ರ್ ಅಂತ ಇಂಜಿನ್ ಸ್ಟಾರ್ಟಾಯ್ತು. ಮೇಜಿನ ಮೇಲಿನ ಲೋಟ ನಡುಗಿತು.

"ರೈಟ್."

ಟೀಚರಮ್ಮ ಅನ್ನುತ್ತಲೇ ಕಾಲು ಎದ್ದಿತು. ರೈಟಣ್ಣ ಕಂಬದ ಹಾಗೆ ನಿಂತ. ಗೊರಕೆ ಗೇರ್ ಬದಲಾಯಿಸಿದ್ರೆ ಇವನು ಸೊಂಟ ಬದಲಾಯಿಸಿದ. ಕಣ್ಣು ಮುಚ್ಚಿಕೊಂಡೇ, "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ," ಅಂತ ಟೀಚರಮ್ಮನಿಗೇ ಗದರಿದ.

"ಪಾಸ್," ಅಂದ್ರು ಅವರು. "ಮಹಡಿ ರೂಮು ಇವರದ್ದೇ."

ರೈಟಣ್ಣ ಮೀಸೆ ಮುಟ್ಟೋಷ್ಟರಲ್ಲಿ ಗೊರಕೆ ನಿಂತಿತು. ಇವನು ದೊಪ್ಪನೆ ಸೋಫಾ ಮೇಲೆ ಉರುಳಿದ.

ಟೀಚರಮ್ಮ ಭಾಮೈದನ ರೂಮಿನ ಕಡೆ ನೋಡಿದ್ರು. ಇವನ ಕಡೆ ನೋಡಿದ್ರು. ಮಗಳ ಕಿವಿಯಲ್ಲಿ ಏನೋ ಹೇಳಿ ಹೋದ್ರು.

ದೀಪ ಹಚ್ಚೋ ಹೊತ್ತಿಗೆ ಭಾಮೈದನ ಮಂಚ ಮಹಡಿ ಹತ್ತಿತ್ತು.

"ಗೋಡೆ ಕಡೆ ನಂಗೆ ಭಾವ," ಅಂದು ದಿಂಬು ತಟ್ಟಿ ಮಲಗಿದ. "ರೈಟ್."