ಮಠದ ಮನೆಯಲ್ಲಿ ಸಂಸಾರ

ನಮ್ಮ ಮಾವನವರು ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಗೆ ಅಯ್ಯನವರು. ಲಗ್ನ, ತೊಟ್ಟಿಲು, ಹೊಸ ಮನೆ, ಎಲ್ಲಕ್ಕೂ ಅವರೇ ಬೇಕು. ನಾವಿರುವುದು ಯಾವ ಕಾಲದ್ದೋ ಹಳೆಯ ಮಠದಲ್ಲಿ. ಮುಂದಿನ ಪಡಸಾಲೆ ಊರಿನದು, ಹಿಂದಿನದು ನಮ್ಮದು ಅಂತ ಮದುವೆಗೆ ಮುಂಚೆ ಹೇಳಿದ್ದರು. ಆ ಗೆರೆ ಎಲ್ಲಿದೆ ಅನ್ನುವುದು ನನಗಿನ್ನೂ ಸಿಕ್ಕಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಅಡುಗೆಮನೆಯ ಅಜ್ಜಿ

ನಾನು ಗೋಕಾಕದಿಂದ ಸೊಸೆಯಾಗಿ ಬಂದು ಹದಿನೈದು ದಿನವಾಗಿತ್ತು. ಮಾವನವರೂ ನಮ್ಮನೆಯವರೂ ಭಕ್ತರ ಊರಿಗೆ ಹೋಗಿದ್ದರು. ಬೆಳಿಗ್ಗೆ ಎದ್ದು ಬಂದರೆ ಒಬ್ಬ ಅಜ್ಜಿ ಒಲೆ ಮುಂದೆ ನಿಂತು ಚಹಾ ಸೋಸುತ್ತಿದ್ದಳು. ನನಗೂ ಒಂದು ಕಪ್ ಕೊಟ್ಟು, ಸಕ್ಕರೆ ಡಬ್ಬಿ ಅಷ್ಟು ಎತ್ತರಕ್ಕೆ ಯಾಕೆ ಇಟ್ಟಿದ್ದೀರಿ ಎಂದು ಬೈದಳು. ಅತ್ತೆಯ ಅಕ್ಕನೇ ಇರಬೇಕೆಂದು ಕಾಲಿಗೆ ಬಿದ್ದೆ. ನಾಲ್ಕು ದಿನ ರೊಟ್ಟಿ ದಪ್ಪ, ಪಲ್ಯ ಸಪ್ಪೆ ಎಂದು ನನ್ನನ್ನೂ ಅತ್ತೆಯನ್ನೂ ತಿದ್ದಿದಳು. ಐದನೆಯ ದಿನ ಮಾವನವರು ಬಂದರು. ಅಜ್ಜಿ ಮೊಮ್ಮಗಳ ಲಗ್ನಕ್ಕೆ ಮುಹೂರ್ತ ಕೇಳಿಕೊಂಡು ಸಂಕೇಶ್ವರದ ಬಸ್ಸು ಹತ್ತಿದಳು.

ನಿಮ್ಮ ಅಕ್ಕ ಇಷ್ಟು ಬೇಗ ಹೋದರಲ್ಲ ಎಂದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಆಕಿ ನಿನ್ನ ತವರಮನಿಯಾಕಿ ಅಲ್ಲೇನು? ಅದಕ್ಕ ನಾ ನಾಕ ದಿನ ಬೈಸಿಕೊಂಡು ಸುಮ್ನಿದ್ನೆಲ್ಲ."

ಬೀಗ

ಒಮ್ಮೆ ಮೂಡಲಗಿಯಲ್ಲಿ ನೆಂಟರ ಲಗ್ನ. ಎಲ್ಲರೂ ಹೊರಟೆವು. ನಮ್ಮನೆಯವರು ಮುಂಬಾಗಿಲಿಗೆ ಹೊಸ ಬೀಗ ತಂದು ಜಡಿದರು. ಆ ಬಾಗಿಲು ಬೀಗ ಕಂಡದ್ದು ಅದೇ ಮೊದಲು.

ಮರುದಿನ ಬಂದಾಗ ಬೀಗ ಇದ್ದಲ್ಲೇ ಇತ್ತು. ಹಿತ್ತಲ ಬಾಗಿಲು ಮಾತ್ರ ತೆರೆದಿತ್ತು. ಪಡಸಾಲೆ ತುಂಬ ಮಹಿಳಾ ಸಂಘದ ಸಭೆ. ನಾನು ಹಿತ್ತಲಿನಿಂದ ಒಳಗೆ ಕಾಲಿಟ್ಟೆ. ಊರಿಗೆ ಹೊಸದಾಗಿ ಸೊಸೆಯಾಗಿ ಬಂದವಳೊಬ್ಬಳು ತಡೆದು, ಬಹಳ ಮರ್ಯಾದೆಯಿಂದ ಹೇಳಿದಳು:

"ಅಯ್ಯನವರ ಮನ್ಯಾಗ ಯಾರೂ ಇಲ್ರಿ ಅಕ್ಕಾರ. ನಾಳಿಗಿ ಬರ್ರಿ."

ದೂರದಿಂದ ಬಂದಿದ್ದೀರಿ ಎಂದು ನನ್ನದೇ ಕಪ್ಪಿನಲ್ಲಿ ಚಹಾನೂ ಕೊಟ್ಟಳು.

ಕನ್ಯೆ ನೋಡಲು ಬಂದವರು

ಮನೆ ಸಣ್ಣದಿರುವವರು ಕನ್ಯೆ ತೋರಿಸುವುದೂ ನಮ್ಮ ಪಡಸಾಲೆಯಲ್ಲೇ. ಬಾಜೂ ಮನೆಯ ಹುಡುಗಿಯನ್ನು ನೋಡಲು ಮೇಲವಂಕಿಯಿಂದ ವರನ ಕಡೆಯವರು ಬಂದರು. ಎರಡು ಸಂಬಂಧ ಹೀಗೇ ತಪ್ಪಿಹೋಗಿದ್ದರಿಂದ ಆಕೆ ಹೊರಗೆ ಬರಲು ಒಲ್ಲೆನೆಂದು ಒಳಕೋಣೆಯಲ್ಲಿ ಅಳುತ್ತ ಕೂತಿದ್ದಳು. ಬಂದವರು ಎಷ್ಟೆಂದು ಕಾದಾರು ಎಂದು ಅವಲಕ್ಕಿ ತಟ್ಟೆ ನಾನೇ ಒಯ್ದೆ. ಹೊಸ ಸೀರೆ ಉಟ್ಟಿದ್ದೆ, ತಾಳಿ ಸೆರಗಿನೊಳಗಿತ್ತು. ವರನ ಕಾಕಾ ಕೂರಲು ಹೇಳಿ, ಹೆಸರು ಕೇಳಿದರು, ಓದು ಕೇಳಿದರು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದರು. ಮಠದ ಸೊಸೆಯನ್ನು ವಿಚಾರಿಸುತ್ತಿದ್ದಾರೆ ಎಂದುಕೊಂಡು ಎಲ್ಲಕ್ಕೂ ಉತ್ತರ ಕೊಟ್ಟೆ.

ಕಾಕಾ ಖುಷಿಯಾಗಿ, ಪಕ್ಕದಲ್ಲಿ ಕೂತಿದ್ದ ನಮ್ಮನೆಯವರತ್ತ ತಿರುಗಿದರು.

"ನಮಗೇನೋ ಪಸಂದ ಐತ್ರಿ. ನೀವು ಊರವರು, ಖರೆ ಹೇಳ್ರಿ. ಹುಡುಗಿ ಗುಣಾ ಹೆಂಗ?"

"ಲಗ್ನಾಗಿ ಹನ್ನೆರಡ ವರ್ಷ ಆತ್ರಿ," ಎಂದರು ನಮ್ಮನೆಯವರು. "ನಾನೂ ಇನ್ನೂ ನೋಡಾಕತ್ತೇನಿ."

ಅಳುತ್ತಿದ್ದವಳು ಒಳಗಿನಿಂದ ಗೊಳ್ಳನೆ ನಕ್ಕಳು. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ವರ ಆ ಕಡೆ ನೋಡಿದ. ಸಂಜೆಯೊಳಗೆ ಸಂಬಂಧ ಕುದುರಿತು. ನಮ್ಮನೆಯವರಿಗೆ ಮಾತ್ರ ಎರಡು ದಿನ, ಮೂರು ಹೊತ್ತೂ, ಉಳಿದ ಅವಲಕ್ಕಿ.