ಕ್ಲಚ್ ಪ್ಲೇಟಿನ ಅಭ್ಯಂಜನ

ಲೋಕದಲ್ಲಿ ಎಣ್ಣೆಯಿಂದ ಆಗದ ಕೆಲಸವಿಲ್ಲ ಎಂಬುದು ಕೊಟ್ಟೂರಿನ ಗಾಣದ ಶಿವಯೋಗಪ್ಪನ ಸಿದ್ಧಾಂತ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಮೊಣಕಾಲು ಹಿಡಿದರೆ ಎಣ್ಣೆ. ಹೆಂಡತಿ ಅನ್ನದಾನಮ್ಮ ಮುನಿಸಿಕೊಂಡ ದಿನವಂತೂ ಹೊಸ ಶೇಂಗಾ ಎಣ್ಣೆಯ ಡಬ್ಬಿಯನ್ನು ಅಡುಗೆಮನೆಯ ಹೊಸ್ತಿಲಲ್ಲಿಟ್ಟು, ಗಂಟಲು ಸರಿಮಾಡಿಕೊಂಡು ನಿಲ್ಲುತ್ತಾನೆ. ಹೋದಲ್ಲೆಲ್ಲ ಅವನ ಜೊತೆ ಒಂದು ಬಾಟಲಿ ಇದ್ದೇ ಇರುತ್ತದೆ. "ಕಣ್ಣು ಕಟ್ಟಿ ಮೂಗಿಗೆ ಹಿಡೀರಿ. ಶಿವಯೋಗಪ್ಪನ ಎಣ್ಣಿ ಅಂತ ಗುರುತು ಹತ್ತಲಿಲ್ಲಂದ್ರ ಗಾಣಾನ ಮುಚ್ಚತೀನಿ" ಎಂದು ಸಿಕ್ಕಸಿಕ್ಕವರಿಗೆ ಸವಾಲು ಹಾಕುತ್ತಾನೆ. ಈ ಸವಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಶಿವಯೋಗಪ್ಪನ ಒಬ್ಬಳೇ ಮಗಳು ಸುಮಲತಾಳನ್ನು ಹಲವಾಗಲು ಎಂಬ ಊರಿಗೆ ಕೊಟ್ಟಿತ್ತು. ಈಗ ಚೊಚ್ಚಲ ಬಸಿರು, ಸೀಮಂತದ ಕುಬಸ ಗೊತ್ತಾಗಿತ್ತು. ತವರಿನ ಬುತ್ತಿ ಬಂದು, ಗಂಟು ಬಿಚ್ಚಿ, ಬಸಿರಿ ಮೊದಲ ತುತ್ತು ಅದರಿಂದಲೇ ತಿನ್ನಬೇಕು. ಅಲ್ಲಿಯತನಕ ಅವಳು ಉಪವಾಸ. ಅವಳಿಗೋ ಮೂರು ತಿಂಗಳಿಂದ ತಿಂದದ್ದು ದಕ್ಕುತ್ತಿಲ್ಲ. ಫೋನು ಮಾಡಿದಾಗೆಲ್ಲ ಅವ್ವನ ಕೈ ರೊಟ್ಟಿ, ಅವ್ವನ ಎಣ್ಣೆಗಾಯಿ ಎಂದು ಅಳುವುದೊಂದೇ ಕೆಲಸ.

ಕಾರಿನ ಕ್ಲಚ್ಚು ಸವೆದಿದೆ, ಬಾಡಿಗೆ ಗಾಡಿ ಹೇಳೋಣ ಎಂದಳು ಅನ್ನದಾನಮ್ಮ. ಸವೆಯದೆ ಏನು ಮಾಡೀತು! ಶಿವಯೋಗಪ್ಪ ಕಾರು ಓಡಿಸುವಾಗ ಕ್ಲಚ್ಚಿನ ಪೆಡಲ್ಲನ್ನು ಕಾಲುಮಣೆ ಅಂದುಕೊಂಡಿದ್ದ. ಒಮ್ಮೆ ಇಟ್ಟ ಪಾದ ಊರು ಮುಟ್ಟುವತನಕ ತೆಗೆಯುತ್ತಿರಲಿಲ್ಲ.

"ತವರಿನ ಬುತ್ತಿ ತವರಿನ ಗಾಡ್ಯಾಗ ಹೋಗಬೇಕು," ಎಂದು ಅವನು ಎದೆಯುಬ್ಬಿಸಿದ. "ಬಾಡಿಗಿ ಗಾಡ್ಯಾಗ ಹೋಗಿ ಬೀಗರ ಮುಂದ ಇಳಿಯಾಕ ನಾನೇನು ದಿಕ್ಕಿಲ್ಲದಾವನೇನು?"

ಹೀಗೆ ಕುಬಸದ ಹಿಂದಿನ ದಿನ, ಶುಕ್ರವಾರ, ಕಾರು ಯೂನುಸನ ಗ್ಯಾರೇಜು ಸೇರಿತು. ಯೂನುಸ ಗೇರ್‌ಬಾಕ್ಸು ಇಳಿಸಿ, ಸವೆದ ಪ್ಲೇಟು ತೆಗೆದು, ಹೊಸದನ್ನು ಪೇಪರಿನ ಮೇಲಿಟ್ಟ. ಅವನ ತಲೆಯ ಮೇಲೇ ನಿಂತು ಅವಸರ ಮಾಡುತ್ತಿದ್ದ ಶಿವಯೋಗಪ್ಪ ಎದುರಿನ ಅಂಗಡಿಯಿಂದ ಮಿರ್ಚಿ ಮಂಡಕ್ಕಿ ತರಿಸಿದ. ಯೂನುಸ ಮುಖ ತಿರುಗಿಸಿಕೊಂಡ. ಹೊಟ್ಟೆಯುರಿಗೆ ಡಾಕ್ಟರು ಕರಿದದ್ದು ಬಂದ್ ಮಾಡಿದ್ದರು. ಮುಟ್ಟುವುದಿಲ್ಲ ಎಂದು ಹೆಂಡತಿ ಖುಷ್ನುಮಾಗೆ ಆಣೆ ಮಾಡಿಕೊಟ್ಟಿದ್ದ. ಅಷ್ಟರಲ್ಲಿ ಜುಮ್ಮಾ ನಮಾಜಿನ ಹೊತ್ತಾಯಿತು.

"ಅಣ್ಣಾರ, ಹೋಗಿ ಬರತೀನಿ. ಪ್ಲೇಟಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ" ಎಂದು ಕೈಕಾಲು ತೊಳೆದುಕೊಂಡು ಹೋದ.

ಶಿವಯೋಗಪ್ಪ ಒಬ್ಬನೇ ಉಳಿದ. ಪ್ಲೇಟನ್ನು ನೋಡಿದ. ಪಾಪ, ಎಷ್ಟು ಒಣಗಿತ್ತು! ಎರೆದುಕೊಳ್ಳದ ಕೂಸಿನ ಹಾಗೆ ಬಿರುಸು ಬಿರುಸು. ಇದು ಇಷ್ಟು ಒಣಗಿದ್ದರೆ ಸವೆಯದೆ ಇನ್ನೇನಾಗುತ್ತದೆ ಎಂದು ಅವನ ಕರುಳು ಚುರುಕ್ ಎಂದಿತು. ಬಾಟಲಿ ತೆಗೆದ. ಅಂಗೈಗೆ ಸುರುವಿಕೊಂಡು, ಎರಡೂ ಮೈಗೆ ನೀಟಾಗಿ ಹಚ್ಚಿ, ತಿಕ್ಕಿ, ಇಂಗಿಸಿ, ಮೇಲಿನ ಜಿಡ್ಡನ್ನು ಟವೆಲ್ಲಿನಿಂದ ಒರೆಸಿ, ಇದ್ದಲ್ಲೇ ಇಟ್ಟ. ಕಾರು ಇಟ್ಟುಕೊಂಡವರು ಇಷ್ಟು ಹೊತ್ತಿಗೆ ಹಣೆ ಚಚ್ಚಿಕೊಂಡಿರುತ್ತಾರೆ. ಚಚ್ಚಿಕೊಳ್ಳಲಿ.

ವಾಪಸು ಬಂದ ಯೂನುಸ ಪ್ಲೇಟು ಕೂರಿಸುವಾಗ ಮೂಗೇರಿಸಿದ. ಶೇಂಗಾ ವಾಸನೆ ಎಲ್ಲಿಂದ ಎಂದು ಕೇಳಿದ. ಶಿವಯೋಗಪ್ಪ ಎದುರಿನ ಮಿರ್ಚಿ ಬಾಣಲೆಯತ್ತ ಬೆರಳು ತೋರಿಸಿದ. ಸಂಜೆ ಖಾಲಿ ಕಾರು ಬಸ್‌ಸ್ಟ್ಯಾಂಡಿನವರೆಗೆ ಬೆಣ್ಣೆಯಂತೆ ಓಡಿತು. ಎಣ್ಣೆಯ ಪ್ರತಾಪ ಎಂದು ಶಿವಯೋಗಪ್ಪ ಒಳಗೊಳಗೇ ಮೀಸೆ ತಿರುವಿದ.

ಮರುದಿನ ಡಿಕ್ಕಿಯ ತುಂಬ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ. ಹಿಂದಿನ ಸೀಟಿನಲ್ಲಿ ಅನ್ನದಾನಮ್ಮನ ಇಬ್ಬರು ಅಕ್ಕಂದಿರು, ಅವರ ತೊಡೆಯ ಮೇಲೆ ಬುತ್ತಿ ಗಂಟು. ಹರಪನಹಳ್ಳಿ ದಾಟುವತನಕ ಶಿವಯೋಗಪ್ಪ ಹಾಡು ಗುನುಗುತ್ತಿದ್ದ. ಆಮೇಲೆ ಒಂದು ಏರು ಬಂತು. ಇಂಜಿನ್ನು ಹೋ ಎಂದು ಅರಚಿತು, ಕಾರು ಮಾತ್ರ ತೆವಳಿತು. ಇನ್ನಷ್ಟು ಒತ್ತಿದ. ಅರಚಾಟ ಹೆಚ್ಚಿತು, ತೆವಳಾಟ ಕಡಿಮೆಯಾಯಿತು. ಪಕ್ಕದಲ್ಲಿ ಕುರಿ ಹಿಂಡೊಂದು ಇವರನ್ನು ದಾಟಿಕೊಂಡು ಮುಂದೆ ಹೋಯಿತು. ಕೊನೆಗೆ ನಡು ಏರಿನಲ್ಲಿ ಕಾರು ನಿಂತೇ ಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಹೊಗೆ.

ಎಲ್ಲೋ ಮಿರ್ಚಿ ಕರಿಯುತ್ತಿದ್ದಾರೆ ಎಂದಳು ಹಿರಿಯ ಅಕ್ಕ. ಸುತ್ತ ನೋಡಿದರೆ ಜಾಲಿ ಗಿಡ ಬಿಟ್ಟರೆ ನರಪಿಳ್ಳೆ ಇಲ್ಲ.

ಆಗಲೇ ಸುಮಲತಾಳ ಫೋನು. ಮುತ್ತೈದೆಯರೆಲ್ಲ ಬಂದು ಕೂತಿದ್ದಾರೆ, ಎಲ್ಲಿದ್ದೀರಿ ಎಂದು ಕೇಳಿದಳು. ದನಿಯಲ್ಲಿ ಕಸುವೇ ಇರಲಿಲ್ಲ. "ಬಂದ್ವಿ ತಾಯಿ, ಇಲ್ಲೇ ಅದೀವಿ" ಎಂದು ಅನ್ನದಾನಮ್ಮ ಫೋನಿಟ್ಟು ಗಂಡನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು. "ಆ ಕೂಸು ನೀರು ಕುಡಕೊಂಡು ಕುಂತೈತ್ರಿ" ಎಂದಳು, ಅಷ್ಟೇ. ಬೈದಿದ್ದರೆ ಶಿವಯೋಗಪ್ಪ ತಡೆದುಕೊಳ್ಳುತ್ತಿದ್ದ.

ಆ ಸಂಕಟವನ್ನೆಲ್ಲ ಯೂನುಸನ ಮೇಲೆ ಇಳಿಸಿದ. ಕಳಪೆ ಮಾಲು ಹಾಕಿದ್ದೀಯ, ಬಸಿರಿ ಹೆಂಗಸಿನ ಉಪವಾಸ ನಿನ್ನ ತಲೆಗೆ ಎಂದು ಫೋನಿನಲ್ಲಿ ಕೂಗಾಡಿದ. ಯೂನುಸ ಪೂರಾ ಕೇಳಿಸಿಕೊಂಡು ಮೆಲ್ಲಗೆ ಹೇಳಿದ: "ಕಂಪನಿ ಮಾಲು ಅಣ್ಣಾರ. ಪ್ಲೇಟು ಒಣಗಿದ್ರ ಕಚ್ಚಿ ಹಿಡೀತೈತಿ. ಎಣ್ಣಿ ಪಸೆ ತಗಲಿದ್ರ ಮಾತ್ರ ಹಿಂಗ ಜಾರತೈತಿ."

ಶಿವಯೋಗಪ್ಪ ತಟ್ಟನೆ ಫೋನು ಕತ್ತರಿಸಿದ. ಡೋರಿನಲ್ಲಿದ್ದ ಬಾಟಲಿಯನ್ನು ಯಾರೂ ನೋಡದಂತೆ ತೆಗೆದು ಸೀಟಿನ ಕೆಳಗೆ ನೂಕಿದ. ಏನಂದ ಎಂದು ಹೆಂಡತಿ ಕೇಳಿದರೆ, "ಅವನಿಗೇನು ಗೊತ್ತೈತಿ" ಎಂದ.

ಕೊನೆಗೆ ಬೀಗ ಮರುಳಪ್ಪನೇ ಟ್ರ್ಯಾಕ್ಟರ್ ತಂದ. ತವರಿನ ಗಾಡಿ ಬೀಗರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು, ಸಂತೆಗೆ ಹೊರಟ ಎಮ್ಮೆಯಂತೆ, ಹಲವಾಗಲಿನ ನಡು ಬೀದಿಯಲ್ಲಿ ಮೆರವಣಿಗೆ ಹೋಯಿತು. ಕಟ್ಟೆಯ ಮೇಲೆ ಕೂತವರು ಎದ್ದು ನಿಂತು ನೋಡಿದರು. ಶಿವಯೋಗಪ್ಪ ಸ್ಟೇರಿಂಗ್ ಹಿಡಿದು, ತಾನೇ ಓಡಿಸುತ್ತಿರುವವನ ಹಾಗೆ ನೆಟ್ಟಗೆ ಕೂತಿದ್ದ.

ಮನೆ ಮುಂದೆ ಇಳಿಯುತ್ತಲೇ ಮರುಳಪ್ಪ ಏನಾಯಿತೆಂದು ಕೇಳಿದ. ಇಡೀ ಅಂಗಳ ಕಿವಿಗೊಟ್ಟಿತ್ತು. ಆ ಮೆಕ್ಯಾನಿಕ್ಕು ಮೋಸ ಮಾಡಿದ, ಇನ್ನು ಅವನ ಗ್ಯಾರೇಜಿನ ಮೆಟ್ಟಿಲು ಹತ್ತಬೇಡಿ ಎಂದು ಶಿವಯೋಗಪ್ಪ ಜೋರಾಗಿ ಸಾರಿದ. ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು.

ಅಷ್ಟರಲ್ಲಿ ಸುಮಲತಾ ಹಸಿರು ಸೀರೆಯಲ್ಲಿ ಮೆಲ್ಲಗೆ ನಡೆದು ಬಂದಳು. ಮುಖ ಬಾಡಿತ್ತು. ಕಾರಿನ ಹತ್ತಿರ ಬಂದವಳು ನಿಂತಳು. ಬಸಿರಿಯ ಮೂಗು ಪೊಲೀಸ್ ನಾಯಿಗಿಂತ ಚುರುಕು. ಬಾನೆಟ್ಟಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದಳು. ಬಾಡಿದ ಮುಖ ಅರಳಿತು.

"ಅಪ್ಪಾ, ಇದು ನಮ್ಮ ಗಾಣದ ಎಣ್ಣಿ ಅಲ್ಲೇನು? ಇಂಜಿನ್‌ನ್ಯಾಗ ಯಾಕ ಐತಿ?"

ಅನ್ನದಾನಮ್ಮ ಡೋರಿನಲ್ಲಿ ಹುಡುಕಿ, ಸಿಗದೆ ಸೀಟಿನ ಕೆಳಗೆ ಕೈ ಹಾಕಿ ಅರ್ಧ ಖಾಲಿಯಾದ ಬಾಟಲಿ ಎತ್ತಿ ಹಿಡಿದಳು. ಮರುಳಪ್ಪ ಮೀಸೆಯಡಿ ನಗುತ್ತ, ಬೀಗರ ಸವಾಲು ಗೆದ್ದಿತು, ಗಾಣ ಮುಚ್ಚುವುದು ಬೇಡ ಎಂದ. ಮಗಳಿಗೋ ಆ ವಾಸನೆಗೇ ಹಸಿವು ಕೆರಳಿತ್ತು. ಅಲ್ಲೇ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಸಿ, ಆರತಿ ಎತ್ತುವುದರೊಳಗೆ ಎರಡು ರೊಟ್ಟಿ ಮುಗಿಸಿದಳು. ತಿಂದದ್ದು ದಕ್ಕಿತು. ಅದನ್ನು ನೋಡಿ ಶಿವಯೋಗಪ್ಪನ ಕಣ್ಣೂ ಒದ್ದೆಯಾಯಿತು.

ಆದರೆ ಅನ್ನದಾನಮ್ಮ ಬಿಡಲಿಲ್ಲ. ಫೋನು ತಂದು ಕೈಗಿಟ್ಟಳು. "ಬೈದಿದ್ದು ಹತ್ತು ಮಂದ್ಯಾಗ. ಈಗ ಸ್ಪೀಕರ್ ಹಾಕಿ, ಹತ್ತು ಮಂದ್ಯಾಗ ಹೇಳ್ರಿ."

ಶಿವಯೋಗಪ್ಪ ಹೇಳಿದ. ಬಾಟಲಿಯಿಂದ ಹಿಡಿದು ಟವೆಲ್ಲಿನತನಕ ಎಲ್ಲವನ್ನೂ ಹೇಳಿ, ತಪ್ಪಾಯಿತು ಯೂನುಸ, ಹೊಸ ಪ್ಲೇಟು ಹಾಕಿಕೊಡು ಎಂದ.

"ಪ್ಲೇಟು ನಾಳಿ ನೋಡಾಣ ಅಣ್ಣಾರ," ಎಂದ ಯೂನುಸ. "ನಿನ್ನಿ ರಾತ್ರಿ ನನ್ನ ಕೈ ಮೂಸಿ, ಆಣಿ ಮುರುದು ಮಿರ್ಚಿ ತಿಂದು ಬಂದೀರಿ ಅಂತ ಖುಷ್ನುಮಾ ನನಗ ಊಟಾನ ಹಾಕಿಲ್ಲ. ಫೋನ್ ಕೊಡತೀನಿ, ಇನ್ನೊಂದು ಸಲ ಮೊದಲಿಂದ ಹೇಳ್ರಿ."