ಬಾಯಾರಿದ ಬಳ್ಳಿ

ಕುಂಥುನಾಥನ ನಿದ್ದೆಗೆಡಿಸಿದ್ದು ಬಟಾಣಿ ಗಾತ್ರದ ದ್ರಾಕ್ಷಿ. ಮೇಲವಂಕಿಯ ಮಡ್ಡಿ ಹೊಲದಲ್ಲಿ ಅವನು ಬೆಳೆದದ್ದು ವೈನಿನ ಹಣ್ಣು. ಊರಿಗೂ ಅವ್ವನಿಗೂ ಹೇಳಿದ್ದು ಒಣದ್ರಾಕ್ಷಿಗೆಂದು. ಅವ್ವ ಲಕ್ಷ್ಮೀಬಾಯಿ ಬಸದಿಗೆ ಹೋಗದೆ ನೀರು ಮುಟ್ಟುವವಳಲ್ಲ. ಮಗ ಹೋಟೆಲಿನಲ್ಲಿ ಉಳ್ಳಾಗಡ್ಡಿ ಭಜಿ ತಿಂದನೆಂದು ಊಟ ಬಿಟ್ಟು ಮೂಲೆ ಹಿಡಿದವಳು. ಇನ್ನು ಈ ಸುದ್ದಿ ತಿಳಿದರೆ?

ಇವತ್ತು ವೈನ್ ಕಂಪನಿಯ ಸಾಹೇಬರು ಹಣ್ಣು ನೋಡಲು ಬರುವವರಿದ್ದರು. ಗರಸು ಕಲ್ಲಿನ ನೆಲ, ಸುಡುವ ಹಗಲು, ತಣ್ಣನೆಯ ರಾತ್ರಿ, ಜೊತೆಗೆ ಬಳ್ಳಿಗೆ ಬಾಯಾರಿಕೆ. ಆಗಲೇ ರಸ ಗಟ್ಟಿಯಾಗುತ್ತದೆ, ಕೊಯ್ಲಿಗೆ ಮುಂಚೆ ಹನಿ ನೀರೂ ಬೇಡವೆಂದು ಫೋನಿನಲ್ಲಿ ತಾಕೀತು ಮಾಡಿದ್ದರು.

ಬಾಜೂ ಹೊಲದ ದುಂಡಪ್ಪನಿಗೆ ಇದು ನೋಡಲಾಗಲಿಲ್ಲ. ಕಬ್ಬಿನವನು, ಬೆಳೆಯೆಂದರೆ ಎಮ್ಮೆಯ ಹಾಗೆ ಸದಾ ನೀರಲ್ಲಿರಬೇಕು ಅವನಿಗೆ. ಬೆಳಿಗ್ಗೆಯೇ ಪೈಪು ಹೊತ್ತು ಬಂದ.

“ಏನೋ ಕುಂಥು, ಬಳ್ಳಿ ಸಾಯಾಕತ್ತಾವ! ಮೋಟರ್ ಚಾಲೂ ಐತಿ, ನೀರ ಬಿಡ್ತೇನಿ ತಡಿ.”

“ಬ್ಯಾಡ್ರಿ ಕಾಕಾ! ಒಣದ್ರಾಕ್ಷಿ ಅಲ್ಲೇನ್ರಿ, ಗಿಡದಾಗ ಅರ್ಧಾ ಒಣಗಲಿ ಅಂತ...”

ದುಂಡಪ್ಪ ಒಂದು ಹಣ್ಣು ಬಾಯಿಗೆಸೆದು ಉಗುಳಿದ. “ಬರೇ ಬೀಜ! ಇದನ್ನ ಒಣಗಿಸಿದ್ರ ಯಾರ್ ತಿಂತಾರೋ?”

“ಔಷಧಕ್ರಿ, ಕಾಕಾ.”

ಕಳೆ ಕೀಳುತ್ತಿದ್ದ ಉದ್ದವ್ವನ ಕಿವಿ ನಿಮಿರಿತು. “ಔಷಧಾನ? ನನ್ನ ಮೊಣಕಾಲಿಗೆ ನಡೀತೈತೇನೋ ತಮ್ಮಾ?” ಎನ್ನುತ್ತಲೇ ಉಡಿ ತುಂಬ ಗೊಂಚಲು ಕಿತ್ತಳು. ಕುಂಥುನಾಥ ಅವಳ ಕಡೆ ಓಡಿದ. ಅಷ್ಟರಲ್ಲಿ ದುಂಡಪ್ಪ ಪೈಪು ಬಿಚ್ಚಿದ. ಕುಂಥುನಾಥ ತಿರುಗಿ ಬಂದು ಪೈಪಿಗೆ ಜೋತುಬಿದ್ದ. ಎಳೆದಾಟದಲ್ಲಿ ಜಾಲಿಮುಳ್ಳಿನ ಬೇಲಿಯ ಮೇಲೆ ಕೂತ. ಆದರೂ ಪೈಪು ಬಿಡಲಿಲ್ಲ.

ಜೀಪು ಬಂತು. ಅದರ ಹಿಂದೆಯೇ, ಬುತ್ತಿ ಹಿಡಿದ ಅವ್ವ! ಕುಂಥುನಾಥ ಮುಳ್ಳು ಕೀಳುವುದನ್ನೂ ಮರೆತು ಎದ್ದು ನಿಂತ.

ಸಾಹೇಬರು ಸಿಹಿ ಅಳೆಯುವ ನಳಿಗೆಗೆ ರಸ ಹಿಂಡಿ, ಕಣ್ಣಿಗೆ ಹಿಡಿದು, ಮುಖ ಗಂಟಿಕ್ಕಿದರು. ಬುಡಕ್ಕೆ ಹೊದಿಸಿದ್ದ ಕಬ್ಬಿನ ಒಣಗರಿಯ ರವದಿಯನ್ನು ಕಾಲಿನಿಂದ ಸರಿಸಿದರು. ಕೆಳಗೆ ಮಣ್ಣು ಹಸಿ.

“ನೀರ ಕುಡದಾವಲ್ರಿ. ನಮಗ ಬ್ಯಾಡ.” ಜೀಪು ತಿರುಗಿತು.

“ಕಾಕಾ, ನೀವು ಮೊದಲss ನೀರ ಬಿಟ್ಟಿದ್ರೇನ್ರಿ?”

“ನಮ್ಮವ್ವನಾಣಿ ಇಲ್ಲೋ! ಉಪಕಾರಕ್ಕ ಬಂದ್ರ ಕಳ್ಳ ಮಾಡ್ತಿ ನನ್ನ?” ದುಂಡಪ್ಪ ಪೈಪು ಸುತ್ತಿಕೊಂಡು ನಡೆದ. ಬೈಗುಳ ತನಗೂ ತಗುಲೀತೆಂದು ಉದ್ದವ್ವ ಉಡಿ ಬಿಗಿದು ಮಾಯವಾದಳು.

ಅವ್ವ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಳು. “ಅಂವಗ್ಯಾಕ ಬೈದಿ? ನೀ ಮಧ್ಯಾಹ್ನ ಉಂಡು ಮಲಗಿದಾಗ ದಿನಾ ಬಳ್ಳಿಗೆ ನೀರಿನ ನಳ ತಿರುವಿದಾಕಿ ನಾನು.”

“ಯಾ... ಯಾಕವ್ವಾ?”

“ಫೋನಿನ್ಯಾಗ ಸ್ಪೀಕರ್ ಹಚ್ಚಿ ಮಾತಾಡ್ತಿ, ಅಡಗಿಮನಿಗೆ ಕೇಳಸ್ತೈತಿ. ಬಳ್ಳಿ ಬಾಯಾರಿದ್ರ ಹೆಂಡ ಚಲೋ ಆಗ್ತೈತಿ ಅಂದ್ರು ನಿಮ್ಮ ಸಾಹೇಬ್ರು. ಬಾಯಾರಿದವರಿಗೆ ನೀರ ಕೊಡೂದು ಧರ್ಮ ಅಲ್ಲೇನು?”

ಅವ್ವ ಅತ್ತಿದ್ದರೆ ಕಾಲು ಹಿಡಿಯಬಹುದಿತ್ತು. ಅವಳು ರೊಟ್ಟಿ ಮುರಿದು ನಿರಾಳವಾಗಿ ಉಣ್ಣತೊಡಗಿದಳು.

“ನಾಳೆ ಬುಟ್ಟಿ ಹೊತ್ಕೊಂಡು ಮೂಡಲಗಿ ಸಂತಿಗೆ ನಡಿ. ನಾನೂ ಬರ್ತೇನಿ, ಬಾಜೂಕ ಕುಂಡರ್ತೇನಿ. ಎಂಥಾ ದ್ರಾಕ್ಷಿ ಇದು ಅಂತ ಮಂದಿ ಕೇಳ್ತಾರ. ಏನ್ ಹೇಳ್ತಿ, ಈಗss ವಿಚಾರ ಮಾಡಿಕೊ.”